ಬಣ್ಣ ಹಿಡಿಯದ ಜೀವಕೋಶಗಳು

೧೪ ಮಾರ್ಚ್, ಗುರುವಾರ
ಮಧ್ಯಾಹ್ನದ ಊಟದ ಬಿಡುವು

ನನ್ನ ಜಗಳಗಂಟಿ ಮಗಳೇ,

ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಅದು ನಿನ್ನಪ್ಪನ ಮೇಲಿನ ದೂರಾಗಿ ಮುಗಿಯಿತು, ಹರಿದು ಹಾಕಿದೆ. ಅವರು ಚೆನ್ನಾಗಿದ್ದಾರೆ. ಮಂಡಿ ನೋವು ಎಂದು ಗೊಣಗುತ್ತಾರೆ, ಆದರೆ ಟ್ಯಾಂಕಿನ ನೀರು ನೋಡಿಬರಲು ದಿನಕ್ಕೆ ಎಂಟು ಸಲ ಮಹಡಿ ಹತ್ತುತ್ತಾರೆ. ನನ್ನನ್ನು ಲ್ಯಾಬಿನಿಂದ ಎತ್ತಿ ಸ್ಟೋರ್ ರೂಮಿಗೆ ಹಾಕಿದ ಸುದ್ದಿಯನ್ನು ನಿನ್ನ ಕಿವಿಗೆ ಊದಿದವರೂ ಅವರೇ. ಅವರ ಬಾಯಲ್ಲಿ ಯಾವ ಮಾತು ತಾನೇ ನಿಂತಿದೆ? ಫೋನಿನಲ್ಲಿ ನಾವಿಬ್ಬರೂ ಎರಡು ನಿಮಿಷ ದಾಟಿದರೆ ಜಗಳಕ್ಕೆ ಇಳಿಯುತ್ತೇವೆ, ಅದಕ್ಕೇ ಕಾಗದ.

ನೀನು ಕೇಳಿದ್ದು ಒಂದೇ ಪ್ರಶ್ನೆ. "ರಿಟೈರಾಗೋಕೆ ಹತ್ತು ತಿಂಗಳಿದೆ. ಒಂದು ಸಹಿ ಕೇಳಿದ್ದಾರೆ, ಹಾಕಿ ಬಿಸಾಕಬಾರದಾ? ಯಾರದೋ ಹೊಟ್ಟೆಗೆ ನಿಂಗ್ಯಾಕಮ್ಮ ಇಷ್ಟು ಹಟ?"

ಹೇಳುತ್ತೇನೆ ಕೇಳು. ನನ್ನ ಕೆಲಸ ನಿನಗೆ ಗೊತ್ತು. ರೋಗಿಯ ದೇಹದಿಂದ ತೆಗೆದ ಚೂರನ್ನು ಮೇಣದಣ್ಣ ಮೇಣದ ಬಿಲ್ಲೆಯಲ್ಲಿ ಕೂರಿಸುತ್ತಾನೆ. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಾನು ಆ ಬಿಲ್ಲೆಯನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಾಸಿ, ಬಣ್ಣ ಹಾಕುತ್ತೇನೆ. ನೋಡಿ ಹೇಳುವವರು ದೊಡ್ಡ ಡಾಕ್ಟರು. ಮೂವತ್ತನಾಲ್ಕು ವರ್ಷದಿಂದ ಇದೇ ಕಸುಬು, ಕಣ್ಣು ಕಟ್ಟಿದರೂ ಮಾಡಿಯೇನು.

ಜನವರಿಯಲ್ಲಿ ಒಬ್ಬ ದರ್ಜಿ ಹೆಂಗಸಿನ ಕರುಳಿನ ಚೂರು ಬಂತು, ಎಳ್ಳಿನಷ್ಟು. ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ, ನುಲಿತ. ಹಾಲಿನಲ್ಲಿರುವ ಸಕ್ಕರೆಯನ್ನು ಒಡೆಯುವ ಕಿಣ್ವ ಅವಳ ಕರುಳಿನ ಜೀವಕೋಶಗಳಲ್ಲಿ ಇದೆಯೋ ಇಲ್ಲವೋ ನೋಡಬೇಕಿತ್ತು. ಕಿಣ್ವ ಇದ್ದ ಕೋಶ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದ್ದು ಬೆಳ್ಳಗೇ ಉಳಿಯುತ್ತದೆ. ಸ್ಲೈಡ್ ಸರಿಯಾಗಿ ಬಂದಿದೆಯೇ ಎಂದು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟವಳು ಹಾಗೇ ಕೂತುಬಿಟ್ಟೆ. ಸಾಲಾಗಿ ನಿಂತ ಕೋಶಗಳಲ್ಲಿ ನಾಲ್ಕು ಕಂದು, ಅದರ ಮಗ್ಗುಲಿಗೇ ಆರು ಬಿಳಿ, ಮತ್ತೆ ಒಂದು ಕಂದು, ಆಮೇಲೆ ಉದ್ದಕ್ಕೂ ಬಿಳಿ. ಎಲ್ಲ ಒಂದೇ ಕರುಳಿನವು, ಅದೇ ರಕ್ತ, ಅದೇ ಊಟ. ಆದರೂ ಒಂದು ಕೋಶ ಕಿಣ್ವ ಮಾಡುತ್ತದೆ, ಭುಜಕ್ಕೆ ಭುಜ ತಾಗಿಸಿಕೊಂಡು ನಿಂತ ಇನ್ನೊಂದು ಮಾಡುವುದಿಲ್ಲ. ನಿನ್ನ ಇಬ್ಬರು ಸೋದರತ್ತೆಯರನ್ನು ನೆನೆಸಿಕೋ. ಒಬ್ಬರು ಮನೆಗೆ ಬಂದ ಕೂಡಲೇ ಪಾತ್ರೆ ತೊಳೆಯಲು ನಿಲ್ಲುತ್ತಾರೆ, ಇನ್ನೊಬ್ಬರು ಕೂತ ಕುರ್ಚಿ ಬಿಟ್ಟು ಏಳುವುದಿಲ್ಲ. ಅವರೂ ಒಂದೇ ತಾಯಿಯ ಮಕ್ಕಳೇ.

ದೊಡ್ಡ ಡಾಕ್ಟರು ಸ್ಲೈಡ್ ನೋಡಿ ಮುಖ ಸಿಂಡರಿಸಿದರು. "ಸ್ಟೇನಿಂಗ್ ಕೆಟ್ಟಿದೆ. ನಿಮ್ಮ ಕೈ ನಡುಗೋಕೆ ಶುರುವಾಗಿದೆ ಅನ್ಸುತ್ತೆ. ಇನ್ನೊಂದು ಮಾಡಿ."

ಮಾಡಿದೆ. ಬ್ಲೇಡು ಬದಲಾಯಿಸಿ ಮಾಡಿದೆ, ಹೊಸ ಬಾಟಲಿ ಒಡೆದು ಮಾಡಿದೆ. ಮೂರು ಸಲವೂ ಅದೇ ಚುಕ್ಕೆ ಚುಕ್ಕೆ. ಕಡೆಗೆ ನನಗೂ ಪಿತ್ತ ನೆತ್ತಿಗೇರಿತು. ಅದೇ ಬಿಲ್ಲೆಯಿಂದ ಅದರ ಪಕ್ಕದ ಪದರವನ್ನೇ ಕೊಯ್ದು, ಮಾಮೂಲಿ ಸಕ್ಕರೆಯನ್ನು ಒಡೆಯುವ ಇನ್ನೊಂದು ಕಿಣ್ವಕ್ಕೆ ಬಣ್ಣ ಹಾಕಿದೆ. ಅದು ಒಂದು ಕೋಶವನ್ನೂ ಬಿಡದೆ ಕಂದಾಯಿತು. ನನ್ನ ಕೈ ನಡುಗಿದ್ದರೆ ಎರಡೂ ಕೆಡಬೇಕಿತ್ತಲ್ಲ? ಎರಡು ಸ್ಲೈಡನ್ನೂ ಅವರ ಮೇಜಿನ ಮೇಲಿಟ್ಟೆ.

ಅವರು ಪಕ್ಕದ ಪದರವನ್ನು ಮುಟ್ಟಲೂ ಇಲ್ಲ. ಮೊದಲ ಸ್ಲೈಡಿನಲ್ಲಿ ಬಣ್ಣ ಚೆನ್ನಾಗಿ ಹಿಡಿದಿದ್ದ ಒಂದು ಮೂಲೆಯನ್ನು ಹುಡುಕಿ, "ಕಿಣ್ವ ಇದೆ, ಸಹಜ" ಎಂದು ರಿಪೋರ್ಟ್ ಬರೆದರು. ರಿಜಿಸ್ಟರಿನಲ್ಲಿ "ಉಳಿದ ಕಡೆ ಬಣ್ಣ ಹಿಡಿಯದಿರುವುದು ತಂತ್ರಜ್ಞೆಯ ದೋಷ" ಎಂದು ಬರೆದು, ಕೆಳಗೆ ಸಹಿ ಹಾಕಲು ನನ್ನ ಕಡೆ ತಳ್ಳಿದರು.

"ಸರ್, ಇದು ದೋಷ ಅಲ್ಲ. ಆ ಕರುಳು ಇರೋದೇ ಹಾಗೆ," ಎಂದೆ.

"ನೀವು ಡಾಕ್ಟರಾ?"

"ಅಲ್ಲ ಸರ್. ಕೊಯ್ದವಳು ನಾನು, ಬಣ್ಣ ಹಾಕಿದವಳು ನಾನು. ಮಾಡದ ತಪ್ಪಿಗೆ ಸಹಿ ಹಾಕೋಳೂ ನಾನೇ ಆಗ್ಬೇಕಾ?"

ಅವರ ಕಿವಿ ಕೆಂಪಗಾಯಿತು. ಮೇಣದಣ್ಣ ನನ್ನನ್ನು ಹೊರಗೆ ಕರೆದು, "ಅಕ್ಕಾ, ಹಾಕಿ ಕೈ ತೊಳ್ಕೊಳ್ಳಿ. ಅವರ ಹತ್ರ ಗುದ್ದಾಡೋಕೆ ಆಗುತ್ತಾ?" ಎಂದ. ನಿಜ ಹೇಳುತ್ತೇನೆ, ಆ ಕ್ಷಣ ನನಗೂ ಹಾಕಿಬಿಡೋಣ ಅನ್ನಿಸಿತ್ತು.

ಅಷ್ಟರಲ್ಲಿ ರಿಪೋರ್ಟ್ ಕೊಡುವ ಕಿಟಕಿಯ ಹತ್ತಿರ ಆ ದರ್ಜಿ ಹೆಂಗಸು ಬಂದು ನಿಂತಿದ್ದಳು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ ಲೋಹದ ಟೋಪಿಯನ್ನು ತೆಗೆಯುವುದನ್ನೂ ಮರೆತು ಅಂಗಡಿಯಿಂದ ನೇರ ಬಂದಿದ್ದಳು. "ಅಕ್ಕಾ, ರಿಪೋರ್ಟಲ್ಲಿ ಏನ್ ಬಂತು? ಒಂದೊಂದಿನ ಅರ್ಧ ಲೋಟ ಕುಡಿದ್ರೂ ಏನೂ ಆಗಲ್ಲ. ಒಂದೊಂದಿನ ಜೀವ ಹೋಗುತ್ತೆ. ಅದಕ್ಕೇ ಮನೇಲಿ ನಂದೆಲ್ಲ ನಾಟಕ ಅಂತಾರೆ. ಏನೂ ಇಲ್ಲ ಅಂತ ಬಂದ್ರೆ ಇನ್ಮೇಲೆ ನನ್ನ ಮಾತಿಗೆ ಕವಡೆ ಕಿಮ್ಮತ್ತೂ ಇರಲ್ಲ."

ರಿಪೋರ್ಟಿನ ಮಾತನ್ನು ನಾವು ಬಾಯಿ ಬಿಡುವಂತಿಲ್ಲ. ಆದರೆ ಅವಳು ಹೇಳಿದ್ದು ಆ ಸ್ಲೈಡಿಗೆ ಎಷ್ಟು ಸರಿಯಾಗಿ ಹೊಂದುತ್ತಿತ್ತು ಗೊತ್ತೇ? ದುಡಿಯುವ ಕೋಶಗಳು ಅಲ್ಲಿ ಕೆಲವೇ. ಕೆಲಸ ಕಡಿಮೆಯಿದ್ದ ದಿನ ಅವು ಹೇಗೋ ತೂಗಿಸುತ್ತವೆ, ಹೆಚ್ಚಾದ ದಿನ ಕೈ ಚೆಲ್ಲುತ್ತವೆ. ಅವಳು ನಾಟಕವಾಡುತ್ತಿರಲಿಲ್ಲ, ನನ್ನ ಕೈಯೂ ನಡುಗುತ್ತಿರಲಿಲ್ಲ. ಒಂದೇ ಒಂದು ಸಹಿಯಲ್ಲಿ ನಮ್ಮಿಬ್ಬರನ್ನೂ ಸುಳ್ಳಿಯರನ್ನಾಗಿ ಮಾಡಲು ಹೊರಟಿದ್ದರು.

ಒಳಗೆ ಹೋಗಿ ರಿಜಿಸ್ಟರ್ ಎಳೆದುಕೊಂಡೆ. ಅವರ ಸಾಲಿನ ಕೆಳಗೆ, "ಬಣ್ಣ ಸರಿಯಾಗಿದೆ. ಕೋಶಗಳೇ ಬೇರೆ ಬೇರೆಯಾಗಿವೆ. ಪಕ್ಕದ ಪದರ ಸಾಕ್ಷಿ" ಎಂದು ಬರೆದು ಅದಕ್ಕೆ ಸಹಿ ಹಾಕಿದೆ. ಮೇಣದಣ್ಣ ನನ್ನ ಕೈಯಿಂದ ಪೆನ್ನು ಇಸಿದುಕೊಂಡ. ಆಮೇಲೆ, "ಮೇಣದಲ್ಲಿ ಕೂರ್ಸಿದ್ದು ನಾನು, ನೆಟ್ಟಗೇ ಕೂರ್ಸಿದ್ದೀನಿ," ಎಂದು ತಾನೂ ಕೆಳಗೆ ಸಹಿ ಗೀಚಿದ. ನಗು ಬಂತು. ಸಂಬಳದ ಚೀಟಿಯ ಹೆಸರು ಕೊನೆಗೂ ಒಂದು ಕೆಲಸಕ್ಕೆ ಬಂತು.

ಮರುವಾರವೇ ನನಗೆ ಸ್ಟೋರ್ ರೂಮು. ಕಿಟಕಿಯಿಲ್ಲದ ಕೋಣೆ, ನೆಲದಿಂದ ಸೂರಿನ ತನಕ ಹಳೆಯ ಮೇಣದ ಬಿಲ್ಲೆಗಳ ಡಬ್ಬಿಗಳು. ಧೂಳು ಒರೆಸಿ ಚೀಟಿ ಅಂಟಿಸುವುದು ಕೆಲಸ. ಅವಮಾನವಾಯಿತೆಂದು ನಿನ್ನಪ್ಪ ಎರಡು ಹೊತ್ತು ಊಟ ಬಿಟ್ಟರು, ಮೂರನೆಯ ಹೊತ್ತಿಗೆ ನನ್ನ ಪಾಲನ್ನೂ ತಿಂದರು. ನನಗೇನೂ ಅವಮಾನವಾಗಿಲ್ಲ. ರಿಪೋರ್ಟ್ ಇನ್ನೂ ಹೊರಗೆ ಹೋಗಿಲ್ಲ. ರಿಜಿಸ್ಟರಿನಲ್ಲಿ ಎರಡು ಮಾತು ಇರುವುದರಿಂದ ಅದನ್ನು ತಡೆಹಿಡಿದಿದ್ದಾರೆ. ಸೋಮವಾರ ವಿಚಾರಣೆ. ಮೂವರು ಕೂತು ಕೇಳುತ್ತಾರಂತೆ. ಬರೆದದ್ದನ್ನು ಹಿಂತೆಗೆದುಕೊಂಡು ದೋಷ ಒಪ್ಪಿದರೆ ಮತ್ತೆ ಲ್ಯಾಬಿಗೆ, ಇಲ್ಲವಾದರೆ ಮನೆಗೆ. ದೊಡ್ಡ ಡಾಕ್ಟರು ಮೊನ್ನೆ ಸ್ಟೋರಿನ ಬಾಗಿಲಿಗೇ ಬಂದು, "ಯೋಚನೆ ಮಾಡಿ. ಇಷ್ಟು ವರ್ಷದ ಒಳ್ಳೆ ಹೆಸರು ಹಾಳ್ ಮಾಡ್ಕೋಬೇಡಿ," ಎಂದರು. "ಹಾಳಾದ್ರೆ ನನ್ನ ಕೈಯಾರೆ ಹಾಳಾಗ್ಲಿ ಸರ್," ಎಂದೆ.

ಒಪ್ಪುವುದಿಲ್ಲ. ಆ ಮೂವರಲ್ಲ, ಮೂವತ್ತು ಜನ ಕೂತರೂ ಒಪ್ಪುವುದಿಲ್ಲ. ನೀನು ಬುದ್ಧಿ ಹೇಳಿ ಇನ್ನೊಂದು ಕಾಗದ ಬರೆಯುವ ಶ್ರಮ ತೆಗೆದುಕೊಳ್ಳಬೇಡ.

ನೀನು ಕಟ್ಟಿಸುತ್ತಿರುವ ಸೇತುವೆಯ ಕೆಲಸ ಎಲ್ಲಿಗೆ ಬಂತು? ಅಷ್ಟೆತ್ತರಕ್ಕೆ ಹತ್ತುವಾಗ ಸೊಂಟದ ಬೆಲ್ಟು ಕಟ್ಟಿಕೋ. ನೆತ್ತಿಗೆ ಎಣ್ಣೆ ಹಾಕಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಆಯುಸ್ಸು ಗಟ್ಟಿಯಾಗಿರಲಿ, ನಾಲಿಗೆ ಈಗಿರುವಷ್ಟೇ ಚುರುಕಾಗಿರಲಿ. ಅಪ್ಪನ ಆಶೀರ್ವಾದವೂ ಇದರಲ್ಲೇ ಸೇರಿದೆ, ಅವರು ಈ ಹೊತ್ತಿಗೆ ಮನೆಯಲ್ಲಿ ಟ್ಯಾಂಕ್ ನೋಡಲು ಹತ್ತಿರುತ್ತಾರೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. "ಯಾರದೋ ಹೊಟ್ಟೆ" ಎಂದು ಬರೆದಿದ್ದೀಯಲ್ಲ, ಅದಕ್ಕೆ ನಿಜವಾದ ಉತ್ತರ ಇದು.

ನಿನಗೆ ಒಂಬತ್ತು ವರ್ಷವಿದ್ದಾಗ ಹಾಲು ಕುಡಿದರೆ ಹೊಟ್ಟೆನೋವು ಎಂದು ಅಳುತ್ತಿದ್ದೆ. ಪರೀಕ್ಷೆ ಮಾಡಿಸಿದೆವು. ನಿನ್ನ ಕರುಳಿನ ಚೂರು ನಮ್ಮ ಲ್ಯಾಬಿಗೇ ಬಂತು, ಕೊಯ್ದು ಬಣ್ಣ ಹಾಕಿದವಳು ನಾನೇ. ನಾಲ್ಕು ಕಂದು, ಆರು ಬಿಳಿ. ಆ ಬಣ್ಣ ಹಾಕುವುದನ್ನು ನಾನು ಆಗಷ್ಟೇ ಕಲಿತಿದ್ದೆ. ನನ್ನ ಕೈಯೇ ಕೆಟ್ಟಿದೆ, ಬೈಸಿಕೊಳ್ಳುತ್ತೇನೆ ಎಂದು ಹೆದರಿ ನಾಲ್ಕು ಸ್ಲೈಡು ಒಡೆದು ಕಸಕ್ಕೆ ಹಾಕಿದೆ. ಐದನೆಯದರಲ್ಲಿ ಒಂದು ಮೂಲೆ ಚೆನ್ನಾಗಿ ಬಣ್ಣ ಹಿಡಿಯಿತು. ಅದನ್ನೇ ಕೊಟ್ಟು, "ಸ್ಲೈಡ್ ಸರಿಯಿದೆ" ಎಂಬಲ್ಲಿ ಸಹಿ ಹಾಕಿದೆ. ಆಗಿನ ಡಾಕ್ಟರು ಅದನ್ನು ನೋಡಿ ಸಹಜ ಎಂದು ಬರೆದರು. ಆ ರಿಪೋರ್ಟನ್ನು ಹಿಡಿದುಕೊಂಡು ಆರು ವರ್ಷ ನಿನ್ನ ಮೂಗು ಹಿಡಿದು ಹಾಲು ಕುಡಿಸಿದೆ. ನೀನು ಬಚ್ಚಲಲ್ಲಿ ಕೂತು "ನಿಜ ಅಮ್ಮಾ, ನೋಯುತ್ತೆ" ಎನ್ನುವಾಗ ಹೊರಗಿನಿಂದ "ನಾಟಕ ಸಾಕು" ಎಂದೆ.

ಈ ಮಂಗಳವಾರ ಸ್ಟೋರಿನಲ್ಲಿ ನಿನ್ನ ಬಿಲ್ಲೆ ಸಿಕ್ಕಿತು. ಊಟದ ಬಿಡುವಿನಲ್ಲಿ ಮೇಣದಣ್ಣ ತನ್ನ ಮೇಜು ಬಿಟ್ಟುಕೊಟ್ಟ. ಕೊಯ್ದೆ, ಎರಡೂ ಬಣ್ಣ ಹಾಕಿದೆ. ಪಕ್ಕದ ಪದರ ಪೂರ್ತಿ ಕಂದು. ಹಾಲಿನ ಕಿಣ್ವದ ಪದರ ಮಾತ್ರ ಅದೇ ಚುಕ್ಕೆ ಚುಕ್ಕೆ.

ಬಿಲ್ಲೆ ನಿನ್ನದು, ಆದ್ದರಿಂದ ವಿಚಾರಣೆಯಲ್ಲಿ ತೋರಿಸಲು ನಿನ್ನ ಒಪ್ಪಿಗೆ ಬೇಕು. ಇದನ್ನು ಇವತ್ತೇ ಕೊರಿಯರಿಗೆ ಹಾಕುತ್ತೇನೆ. ಭಾನುವಾರದೊಳಗೆ ಫೋನ್ ಮಾಡು, ಬೈಯುವುದಿದ್ದರೆ ಎರಡು ನಿಮಿಷ ದಾಟಿದರೂ ಪರವಾಗಿಲ್ಲ. ನೀನು ಹೂಂ ಎಂದರೆ ಸೋಮವಾರ ಈ ಎರಡು ಸ್ಲೈಡನ್ನೂ ಆ ಹಳೆಯ ರಿಪೋರ್ಟನ್ನೂ ಆ ಮೂವರ ಮೇಜಿನ ಮೇಲಿಟ್ಟು, ಮೊದಲು ನನ್ನ ಆ ಸಹಿಯನ್ನು ಅಡ್ಡಗೆರೆ ಎಳೆದು ಹೊಡೆದು ಹಾಕುತ್ತೇನೆ. ಆಮೇಲೆ ಅವರು ಇನ್ನೊಂದು ಸಹಿ ಕೇಳಲಿ ನೋಡೋಣ.