ಅತ್ತೆಯವರ ಕಾಲಮ್ಮು ಅಗಲವಾದದ್ದು

ಬಿಬವೇವಾಡಿ, ಪುಣೆ
೧೬ ಸೆಪ್ಟೆಂಬರ್ ೨೦೨೫, ಮಂಗಳವಾರ

ಪ್ರೀತಿಯ ದೀಪಾ,

ಹೇಗಿದ್ದೀಯ? ಅಂಗಾಲಿನ ಗುಳ್ಳೆಗಳು ಒಣಗಿದವೇ? ಬೆಳಗಿನ ಓಟದಲ್ಲಿ ಹಿಂದೆ ಬೀಳುತ್ತೇನೆಂದು ಬೇಸರ ಮಾಡಿಕೊಳ್ಳಬೇಡ. ಮೂವತ್ನಾಲ್ಕನೆಯ ವಯಸ್ಸಿಗೆ ಪೊಲೀಸ್ ಫೌಜದಾರಳಾಗಲು ಹೊರಟವಳು, ಇಪ್ಪತ್ತೆರಡರ ಹುಡುಗಿಯರ ಜೊತೆ ಓಡುತ್ತಿದ್ದೀಯಲ್ಲ, ಅದೇ ದೊಡ್ಡದು. ಹೊಟ್ಟೆ ತುಂಬ ಉಣ್ಣು. ಇಲ್ಲಿ ನಾನು ಆರಾಮ. ನಿನ್ನ ಅವ್ವನೂ ಆರಾಮ. ಮೊಣಕಾಲು ಈಗ ಚೆನ್ನಾಗಿ ಬಾಗುತ್ತದೆಂದು ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದಳು. ತರಬೇತಿಯವರು ಭಾನುವಾರ ನಿನಗೆ ಕೊಡುವ ಅರ್ಧ ಗಂಟೆಯ ಫೋನು ಪೂರ್ತಿ ಅವ್ವನ ಪಾಲಿಗೇ ಹೋಗುತ್ತದೆ, ಹೋಗಬೇಕಾದದ್ದೇ. ಆದರೆ ಹೋದ ವಾರ ನಡೆದದ್ದನ್ನು ಅವರು ನಿನಗೆ ಹೇಳಿರಲಾರರು. ಅದಕ್ಕೇ ಈ ಕಾಗದ. ಓದಿ ಬೈಯಬೇಕೆನಿಸಿದರೆ ಬೈ, ನಾನು ಅದಕ್ಕೆ ಯೋಗ್ಯನಿದ್ದೇನೆ.

ಜುಲೈ ಒಂದಕ್ಕೆ ನೀನು ಹೊರಡುವಾಗ ನಮ್ಮಿಬ್ಬರಲ್ಲಿ ಒಂದು ಠರಾವು ಆಗಿತ್ತು. ಮೊಣಕಾಲಿನ ಆಪರೇಷನ್ ಆದ ಅವ್ವ ದೀಪಾವಳಿಯ ತನಕ ನಮ್ಮಲ್ಲಿ, ಆಮೇಲೆ ಸಾಸವಡದಲ್ಲಿ ನಿನ್ನ ಅಣ್ಣ ಅಂಬಾದಾಸನ ಮನೆಯಲ್ಲಿ. ಠರಾವು ಹಾಕಿದವನು ನಾನೇ. ಇಂಡಿ ಕಡೆಯ ಹಳೆಯ ಪದ್ಧತಿಯ ಅತ್ತೆ, ಅಳಿಯನ ಎದುರು ಕುರ್ಚಿಯಲ್ಲಿ ಕೂರದವರು, ಬಾಯಿ ತೆರೆದು ಮಾತಾಡದವರು. ನೀನು ನಡುವೆ ಇಲ್ಲದೆ ಇಷ್ಟೇ ಇಷ್ಟು ಮನೆಯಲ್ಲಿ ನಾವಿಬ್ಬರು ಹೇಗೆ ದಿನ ತೆಗೆಯುವುದೆಂದು ನನಗೆ ದಿಗಿಲಾಗಿತ್ತು. ಮೊದಲ ವಾರ ಅವರು ಗೋಡೆಗೆ ಹೇಳುತ್ತಿದ್ದರು, "ಹಾಲು ತೀರ್ಯಾವ" ಎಂದು. ನಾನು ಬಾಗಿಲಿಗೆ ಹೇಳುತ್ತಿದ್ದೆ, "ತರ್ತೀನ್ರಿ" ಎಂದು. ಹಾಲು, ಗ್ಯಾಸು, ನಳದ ನೀರು, ಇಷ್ಟರ ಮಟ್ಟಿಗೆ ಸಂಸಾರ ಸಾಗುತ್ತಿತ್ತು. ತಮ್ಮ ಬಗ್ಗೆ ಮಾತ್ರ ಅವರು ಗೋಡೆಗೂ ಏನೂ ಹೇಳಲಿಲ್ಲ.

ಇನ್ನು ನೀನು ಮಾಡಿಟ್ಟು ಹೋದ ಆ ಆನ್‌ಲೈನ್ ಶೀಟು. ದಿನಕ್ಕೊಂದು ಸಾಲು, ತಾರೀಖು, ಗುಳಿಗೆ, ನಡಿಗೆ, ನೋವು, ವಿಶೇಷ, ಕಡೆಗೆ ನಾನು ಟಿಕ್ ಒತ್ತುವ "ನೋಡಿದೆ" ಎಂಬ ಕಾಲಮ್ಮು. ಎಲ್ಲವೂ ಫೋನಿನಲ್ಲಿ ಒಂದೇ ನೋಟಕ್ಕೆ ಕಾಣಲಿ ಎಂದು ಕಾಲಮ್ಮುಗಳನ್ನು ಬೆರಳಿನಷ್ಟು ಸಣ್ಣ ಮಾಡಿ ಎಷ್ಟು ಹಿಗ್ಗಿದ್ದೆ ನೀನು! ಅವ್ವ ಅಂಗನವಾಡಿಯಲ್ಲಿ ಮೂವತ್ತು ವರ್ಷ ರಜಿಸ್ಟರು ತುಂಬಿದವರು, ಒಂದು ದಿನವೂ ತಪ್ಪಿಸಲಿಲ್ಲ. ವಿಶೇಷದ ಕಾಲಮ್ಮಿನಲ್ಲಿ ಪ್ರತಿದಿನ ನನಗೆ ಕಾಣುತ್ತಿದ್ದದ್ದು ಒಂದೇ, "ಅಳಿಯಂದಿರಿಗೆ ನಮ". ಅತ್ತೆಯವರು ದಿನಾ ನಮಸ್ಕಾರ ಬರೆಯುತ್ತಾರೆ, ಎಂಥ ಸಂಸ್ಕಾರ ಎಂದುಕೊಂಡು, ನಾನು ಮಾರ್ಕೆಟ್ ಯಾರ್ಡಿನ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗಿಸುತ್ತಲೇ ಟಿಕ್ ಒತ್ತಿಬಿಡುತ್ತಿದ್ದೆ. ನೋಡಿದೆ, ನೋಡಿದೆ, ನೋಡಿದೆ.

ಕಳೆದ ಗುರುವಾರ ಸಂಜೆ ಮನೆಗೆ ಬಂದರೆ ಬಾಗಿಲ ಹತ್ತಿರ ಅವರ ಚೀಲ ಕಟ್ಟಿಟ್ಟಿತ್ತು. ಯಾಕೆಂದು ನಾನು ಬಾಗಿಲನ್ನು ಕೇಳಿದೆ. ಅವರು ಗೋಡೆಗೆ ಹೇಳಿದರು, "ಬರದೀವಿ, ನೋಡ್ಯಾರ. ಮತ್ತೇನ ಹೇಳೂದದ?" ಎಂದು. ಮಾರನೆಯ ದಿನ ಅಂಗಡಿಯ ಕಂಪ್ಯೂಟರಿನಲ್ಲಿ ಶೀಟು ತೆರೆದು ಪೆದ್ದನಂತೆ ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ನಮ್ಮ ಅಂಗಡಿಯ ಹುಡುಗ ಸ್ವಪ್ನಿಲ್ ಇಣುಕಿ, "ಭಾವು, ಜರಾ ರುಂದ ಕರಾ ನಾ" ಎಂದ. ಅಂದರೆ ಸ್ವಲ್ಪ ಅಗಲ ಮಾಡಿ ಎಂದು. ಎರಡು ಕಾಲಮ್ಮುಗಳ ತಲೆಯ ನಡುವಿನ ಗೆರೆಯ ಮೇಲೆ ಮೌಸಿನಿಂದ ಎರಡು ಸಲ ಟಕ್ ಟಕ್ ಎನ್ನಿಸಿದ, ಅಷ್ಟೆ. ವಿಶೇಷದ ಕಾಲಮ್ಮು ಬಲಗಡೆಗೆ ಜಾರುತ್ತಾ ಪರದೆಯಿಂದಲೇ ಆಚೆ ಹೋಯಿತು. ಪಕ್ಕದಲ್ಲಿ ಟಿಕ್ಕಿನ ಕಾಲಮ್ಮು ಇದ್ದದ್ದರಿಂದ ಉಳಿದ ಮಾತೆಲ್ಲ ಅದರ ಅಡಿಗೆ ಅಡಗಿ ಕೂತಿತ್ತಂತೆ. ಒಂದು ಸಲ ಅದರ ಮೇಲೆ ಬೆರಳಿಟ್ಟಿದ್ದರೂ ಪೂರ್ತಿ ಕಾಣುತ್ತಿತ್ತಂತೆ. ನಾನು ಬೆರಳಿಟ್ಟದ್ದು ಟಿಕ್ಕಿನ ಮೇಲೆ ಮಾತ್ರ.

ಅಷ್ಟು ಅಗಲವನ್ನು ತಳ್ಳಿ ತಳ್ಳಿ ಓದಲಾರದೆ ಕಾಲಮ್ಮನ್ನು ಅಂಗೈಯಷ್ಟಕ್ಕೆ ಇಳಿಸಿ, ಮಾತು ಮಡಚಿಕೊಂಡು ಕೆಳಗಿಳಿಯುವಂತೆ ಸ್ವಪ್ನಿಲ್ ಮಾಡಿಕೊಟ್ಟ. ಆಗ ಸಾಲುಗಳು ಎತ್ತರವಾಗುತ್ತಾ ಹೋದವು. ಕೆಲವು ದಿನ ಎರಡು ಬೆರಳು, ಕೆಲವು ದಿನ ಗೇಣು. ಎಪ್ಪತ್ಮೂರು ದಿನ, ದೀಪಾ! ಕೂತು ಎಲ್ಲವನ್ನೂ ಓದಿದೆ. "ಬಕೇಟು ಭಾಳ ದೊಡ್ಡದದ, ಎತ್ಲಿಕ್ಕಾಗೂದಿಲ್ಲ, ಸಣ್ಣದೊಂದು ತಂದ್ರ ಚಲೋ ಆಗ್ತದ." ಇದನ್ನು ನಾಲ್ಕು ಸಲ ಬರೆದಿದ್ದಾರೆ. "ಮುಂಜಾನೆ ಉಪವಾಸ ಹೋಗ್ತೀರಿ, ಎರಡು ರೊಟ್ಟಿ ಬಡದು ಅರಿವ್ಯಾಗ ಸುತ್ತಿ ಇಟ್ಟೀನಿ, ಒಯ್ಯಿರಿ." ಆ ರೊಟ್ಟಿ ಅವರದ್ದೇ ಎಂದುಕೊಂಡು ನಾನು ದಿನಾ ವಡಾಪಾವ್ ತಿನ್ನುತ್ತಿದ್ದೆ. ಎಲ್ಲಕ್ಕಿಂತ ಎತ್ತರದ ಸಾಲು ಆಗಸ್ಟ್ ಹತ್ತೊಂಬತ್ತರದ್ದು. ಅವತ್ತು ನಾನು ಮಳೆಯಲ್ಲಿ ತೊಯ್ದು ಬಂದು ಕೆಮ್ಮುತ್ತಿದ್ದೆ. ಶುಂಠಿ ಎಷ್ಟು, ಮೆಣಸು ಎಷ್ಟು, ಕಷಾಯ ಎಲ್ಲಿ ಮುಚ್ಚಿಟ್ಟಿದೆ, ಎಷ್ಟು ಬಿಸಿ ಇರುವಾಗ ಕುಡಿಯಬೇಕು, ಎಲ್ಲ ಬರೆದಿದ್ದಾರೆ. ಹಳಸಿದ ಚಹಾ ಎಂದು ನಾನದನ್ನು ಚೆಲ್ಲಿದ್ದೆ. ಚೆಲ್ಲಿ, ಮರುದಿನ ಟಿಕ್ಕನ್ನೂ ಒತ್ತಿದ್ದೆ.

ಈ ತಿಂಗಳ ಎಂಟನೆಯ ತಾರೀಖು: "ನಾ ಇಲ್ಲಿ ಇರೂದು ನಿಮಗ ತ್ರಾಸ ಆಗ್ಲಿಕತ್ತಿದ್ರ ಸಂಕೋಚ ಮಾಡಬ್ಯಾಡ್ರಿ, ಹೇಳಿಬಿಡ್ರಿ." ಟಿಕ್. ಹತ್ತನೆಯ ತಾರೀಖು: "ಹಂಗಾದ್ರ ಐತವಾರ ಅಂಬಾದಾಸಗ ಬರ್ಲಿಕ್ಕೆ ಹೇಳ್ತೀನಿ." ಅದಕ್ಕೂ ಟಿಕ್. ಮನುಷ್ಯರಾದವರು ಇದಕ್ಕಿಂತ ಸ್ಪಷ್ಟವಾಗಿ ಯಾರನ್ನೂ ಹೊರಗೆ ಹಾಕಲಾರರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಮೆಣಸಿನಕಾಯಿ ಅಂಗಡಿಯಲ್ಲಿ ಯಾರು ಕಣ್ಣೊರೆಸಿಕೊಂಡರೂ ಯಾಕೆಂದು ಯಾರೂ ಕೇಳುವುದಿಲ್ಲ, ಅದೊಂದು ಅನುಕೂಲ.

ಸಂಜೆ ಸಣ್ಣ ಬಕೇಟು ಕೊಂಡು ಮನೆಗೆ ಬಂದೆ. ಬಾಯಿ ಬಿಟ್ಟು ಹೇಳೋಣವೆಂದು ಅಡುಗೆಮನೆಯ ಬಾಗಿಲಿಗೆ ಹೋದರೆ ಅವರು ಸೆರಗು ಎಳೆದುಕೊಂಡು ಎದ್ದು ನಿಂತರು, ಆ ಮೊಣಕಾಲಿನಲ್ಲಿ! ಹಾಗೆಯೇ ಹಿಂದೆ ಬಂದು, ಶೀಟಿನಲ್ಲಿ ಇನ್ನೊಂದು ಅಗಲವಾದ ಕಾಲಮ್ಮು ಮಾಡಿ ಆದದ್ದನ್ನೆಲ್ಲ ಬರೆದೆ. ನೋಡಿದೆ ಎಂದದ್ದು ಸುಳ್ಳು, ನಾನು ಓದಿರಲಿಲ್ಲ, ತಪ್ಪಾಯಿತು ಎಂದೆ. ಅರ್ಧ ಗಂಟೆಗೆ ಉತ್ತರ ಬಂತು: "ಅಷ್ಟ ಆಗಿತ್ತಂತ ತಿಳಿಲಿಲ್ಲ. ರೊಟ್ಟಿ ಒಯ್ಯಿರಿ." ಭಾನುವಾರ ಅಂಬಾದಾಸ ಕಾರು ತಂದಿದ್ದ, ಉಂಡು ಒಬ್ಬನೇ ಹಿಂದಿರುಗಿದ. ಆದರೆ ಚೀಲ ಇನ್ನೂ ಬಿಚ್ಚಿಲ್ಲ, ಮಂಚದ ಕೆಳಗಿದೆ. ಯಾಕೆಂದು ನನಗೆ ಗೊತ್ತು. ಮೊದಲ ದಿನದ ಸಾಲಿನಲ್ಲೇ ಬರೆದಿದ್ದಾರೆ: "ದೀಪಾವಳಿ ತನಕ ಅಂತ ನೀವಿಬ್ಬರೂ ಮಾತಾಡಿದ್ದು ಕೇಳಿಸ್ಯದ. ಅಲ್ಲೀತನಕ ತ್ರಾಸ ಕೊಡೂದಿಲ್ಲ."

ಮನೆಯ ಚಿಂತೆ ಹಚ್ಚಿಕೊಳ್ಳಬೇಡ, ಪರೇಡು ಚೆನ್ನಾಗಿ ಮಾಡು. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ಶುಭಾಶಯ ಹೇಳು. ಅವ್ವನ ಆಶೀರ್ವಾದ ನಿನ್ನ ಮೇಲೆ ಸದಾ ಇದ್ದೇ ಇದೆ.

ನಿನ್ನವನೇ ಆದ
ಶಿವರಾಜ

ತಾ.ಕ.: ಇವತ್ತು ಬುಧವಾರ, ಅಂಚೆ ಡಬ್ಬಿಯ ಹತ್ತಿರ ನಿಂತು ಇದನ್ನು ಬರೆಯುತ್ತಿದ್ದೇನೆ. ದೀಪಾವಳಿಯ ಠರಾವು ರದ್ದು. ಅಂಬಾದಾಸನಿಗೆ ಫೋನ್ ಮಾಡಿ ಹೇಳಿದ್ದೇನೆ. ಅವ್ವನಿಗೂ ನಿನ್ನೆ ಶೀಟಿನಲ್ಲಿ ಬರೆದೆ: "ಹೋಗಬ್ಯಾಡ್ರಿ, ಇಲ್ಲೇ ಇರ್ರಿ, ದೀಪಾ ಬಂದ ಮ್ಯಾಲೂ." ಅವರಿಗೆಂದು ಮಾಡಿದ "ನೋಡಿದೆ" ಕಾಲಮ್ಮು ಇನ್ನೂ ಖಾಲಿ ಇದೆ. ನಿನ್ನೆಯಿಂದ ಮೂವತ್ತು ಸಲ ತೆರೆದು ನೋಡಿದೆ. ಎಪ್ಪತ್ಮೂರು ದಿನ ಅವರು ಹೇಗೆ ಕಾದರೋ! ಭಾನುವಾರ ಫೋನು ಸಿಕ್ಕ ಕೂಡಲೇ ಮೊದಲು ಇದನ್ನೇ ಕೇಳು, "ಇರ್ತೀಯೇನವ್ವಾ?" ಎಂದು. ನಾನು ಬಾಗಿಲ ಆಚೆ ನಿಂತಿರುತ್ತೇನೆ. ಫೋನಿನಲ್ಲಾದರೆ ಅವರು ಬಾಯಿ ಬಿಟ್ಟು ಹೇಳುತ್ತಾರೆ.