ನಾಲ್ಕು ಪ್ಲಗ್ಗು, ಒಂದು ಏರು

॥ ಜೈ ಜಿನೇಂದ್ರ ॥

ಚಿಕ್ಕೋಡಿ
೧೪ ಎಪ್ರಿಲ್ ೨೦೨೫

ಚಿರಂಜೀವಿ ತ್ರಿಶಲಾಳಿಗೆ ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ನಾವಿಲ್ಲಿ ಕ್ಷೇಮ. ಸನ್ಯಾಸಿನಿಯರ ಸಂಘದಲ್ಲಿ ನೀನೂ ನಿನ್ನ ಗುರು ಮಾತಾಜಿಯವರೂ ಕ್ಷೇಮವಾಗಿದ್ದೀರಿ ಎಂದು ಚಂದ್ರಮತಿ ಅತ್ತೆ ಬಂದು ಹೇಳಿದರು. ಅವರು ನಾಳೆ ಮಾತಾಜಿಯವರಿಗೆ ಆಹಾರ ಕೊಡಲು ಮತ್ತೆ ಅಲ್ಲಿಗೇ ಹೊರಟಿದ್ದಾರೆ, ಈ ಪತ್ರ ಅವರ ಕೈಯಲ್ಲೇ ಬರುತ್ತದೆ. ಫೋನು ಬಿಟ್ಟ ಮಗಳಿಗೆ ಪತ್ರವನ್ನಾದರೂ ಬೇಗ ಬರೆಯಬಾರದಿತ್ತೇ ಎಂದು ಸಿಟ್ಟಾಗಬೇಡ. ಸಿಟ್ಟು ಗೆಲ್ಲುವುದಕ್ಕೇ ಅಲ್ಲಿಗೆ ಹೋದವಳಲ್ಲವೇ ನೀನು, ಮೊದಲು ಅವ್ವನ ಮೇಲೆ ಅಭ್ಯಾಸ ಮಾಡು.

ದೀಪಾವಳಿಗೆ ನೀನು ಬರೆದಿದ್ದೆ, ದೀಕ್ಷೆ ತೆಗೆದುಕೊಳ್ಳಬೇಕಾದರೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು ಎಂದು. ನಿಮ್ಮಪ್ಪ ಆ ವಾರವೇ ಹೂಂ ಎಂದರು. ನಾನು ಮಾತ್ರ, ನೀನು ಮರಳಿ ಬರದಿದ್ದರೆ ಗ್ಯಾರೇಜು ಮುಳುಗುತ್ತದೆ, ಅಪ್ಪನ ಗತಿಯೇನು ಎಂದು ಹೇಳಿ ಕಳಿಸಿ ಸುಮ್ಮನಾದೆ. ಆ ಮಾತು ಇರಲಿ. ಮೊದಲು ಜೀಪಿನ ಸುದ್ದಿ ಕೇಳು. ಇದನ್ನು ಹೇಳದಿದ್ದರೆ ನನಗೆ ಉಂಡ ಅನ್ನ ಕರಗುವುದಿಲ್ಲ.

ಗಂಗಾರಾಮ ಕಾಕಾನ ಪೆಟ್ರೋಲ್ ಜೀಪು ಗೊತ್ತಲ್ಲ, ಮಹಾವೀರ ಜಯಂತಿಗೆ ಭಗವಂತರ ಮೂರ್ತಿಯನ್ನು ಕೂರಿಸಿಕೊಂಡು ಹೋಗುವ ಆ ಮುದುಕಪ್ಪ. ನಿನ್ನ ಕೈಯಲ್ಲಿದ್ದಷ್ಟು ವರ್ಷ ಅದು ಬಸದಿ ಓಣಿಯ ಏರನ್ನು ಹೂವಿನಂತೆ ಹತ್ತುತ್ತಿತ್ತು. ನೀನು ಹೋದ ಮೇಲೆ ಬಂದ ಮೊದಲ ಜಯಂತಿಗೇ, ಹೋದ ವರ್ಷ, ಏರಿನ ನಟ್ಟನಡುವೆ ಕೆಮ್ಮಿ ನಿಂತುಬಿಟ್ಟಿತು. ಭಗವಂತರನ್ನು ದೂಡಿಕೊಂಡು ಹೋಗಬೇಕಾಯಿತು. ಅಂದಿನಿಂದ ತಂಬಾಕಿನ ದಾದಾಸಾಹೇಬ ಎಲ್ಲಿ ಸಿಕ್ಕರೂ, ಮಗಳ ಜೊತೆ ಗ್ಯಾರೇಜಿನ ಕೈಗುಣವೂ ದೀಕ್ಷೆಗೆ ಹೋಯಿತು ಎಂದು ನಗುತ್ತಿದ್ದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬರುವ ಗಾಡಿಗಳೂ ಬೇರೆ ಗ್ಯಾರೇಜು ಹಿಡಿದವು. ನಿಮ್ಮಪ್ಪ ಬಾಗಿಲು ತೆರೆದು ಸ್ಟೂಲಿನ ಮೇಲೆ ಕೂತು ರಸ್ತೆ ನೋಡುವುದನ್ನೇ ಕೆಲಸ ಮಾಡಿಕೊಂಡರು.

ಈ ಸಲ ಜಯಂತಿ ಹತ್ತಿರ ಬಂದಾಗ ಊಟಕ್ಕೆ ಕೂತವರು ತಟ್ಟೆಯಿಂದ ಮುಖ ಎತ್ತದೆ ಹೇಳಿದರು:

“ಈ ಸಲಾನೂ ಜೀಪ್ ನಿಂತ್ರ ಗ್ಯಾರೇಜಿಗೆ ಕೀಲಿ ಹಾಕಿ ಬಿಡ್ತೀನಿ, ಕುಸುಮಾ. ಮುಗೀತು.”

ನಿಮ್ಮಪ್ಪ ಸುಳ್ಳು ಬೆದರಿಕೆ ಹಾಕುವವರಲ್ಲ. ಆ ಗ್ಯಾರೇಜು ಬಿಟ್ಟರೆ ಅವರ ಕೈಕಾಲಿಗೆ ಬೇರೆ ಲೋಕ ಗೊತ್ತಿಲ್ಲ.

ಪ್ರತಿ ವರ್ಷದ ಹಾಗೆಯೇ ಈ ಸಲವೂ ಗಂಗಾರಾಮ ಕಾಕಾ ಜೀಪಿನ ಎಂಜಿನ್ನಿಗೆ ನಾಲ್ಕು ಹೊಸ ಸ್ಪಾರ್ಕ್ ಪ್ಲಗ್ಗು ತಂದ. ಪದ್ಧತಿಯಂತೆ ಅವು ಮೊದಲು ಅವರ ಮನೆಗೆ, ಅವನ ತಾಯಿ ತುಳಸವ್ವನ ಪೂಜೆಗೆ ಹೋದವು. ಈ ಸಲ ನಾನೂ ಹೋಗಿ ಕೂತೆ. ಮುದುಕಿ ಹಿತ್ತಾಳೆ ತಟ್ಟೆಯಲ್ಲಿ ನಾಲ್ಕು ಕಾಳು ಗೋಧಿ ಹರಡಿದಳು. ಪ್ಲಗ್ಗಿನ ಬಿಳಿ ಭಾಗವೇ ತಲೆ ಎಂದು ಅದನ್ನು ಮೇಲೆ ಮಾಡಿ, ಕಿಡಿ ಹಾರುವ ತುದಿಯನ್ನು ಕೆಳಗೆ ಮಾಡಿ, ದೇವರು ನೆಟ್ಟಗೆ ನಿಲ್ಲಲಿ ಎಂದು ಒಂದೊಂದನ್ನೂ ತಟ್ಟೆಗೆ ಠಕ್ ಠಕ್ ಎಂದು ಕುಟ್ಟಿ ನಿಲ್ಲಿಸಿದಳು. ಆಮೇಲೆ ಕುಂಕುಮ, ಆಮೇಲೆ ಆರತಿ. ನಾನು ಆರತಿ ನೋಡಲಿಲ್ಲ, ಆ ಠಕ್ ಠಕ್ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಪೂಜೆಯಾದ ಪ್ಲಗ್ಗುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವಾಗ ನೀನು ನೆನಪಾದೆ. ಜಯಂತಿಯ ಹಿಂದಿನ ದಿನ ಗ್ಯಾರೇಜಿನ ಬಾಗಿಲಲ್ಲಿ ನಿಂತು, ಸೂಜಿಗೆ ದಾರ ಪೋಣಿಸುವವಳ ಹಾಗೆ ಒಂದು ಕಣ್ಣು ಮುಚ್ಚಿ, ಪ್ರತಿ ಪ್ಲಗ್ಗನ್ನೂ ಬೆಳಕಿಗೆ ಹಿಡಿಯುತ್ತಿದ್ದೆಯಲ್ಲ. ನಾನೂ ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿದೆ. ಒಂದರಲ್ಲಿ ನಡುವಿನ ಕಡ್ಡಿಗೂ ಮೇಲೆ ಬಾಗಿದ ಕೊಂಡಿಗೂ ಮಧ್ಯೆ ಬೆಳಕಿನ ಗೆರೆ ಇತ್ತು. ಎರಡರಲ್ಲಿ ಕೂದಲಿನಷ್ಟು. ಇನ್ನೊಂದರಲ್ಲಿ ಕೊಂಡಿ ಕಡ್ಡಿಯ ಮೇಲೆ ಹೆಚ್ಚುಕಡಿಮೆ ಮಲಗಿಯೇ ಬಿಟ್ಟಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಾರ್ಖಾನೆಯವರು ಅಳೆದು ಸುರಿದು ಮಾಡಿದ್ದನ್ನು ಮುದುಕಿ ಭಕ್ತಿಯಿಂದ ಕುಟ್ಟಿ ಮುಚ್ಚಿದ್ದಳು.

ನಿನ್ನ ಡ್ರಾವರ್ ತೆಗೆದು ಆ ಸಂದು ಅಳೆಯುವ ಗೇಜು ಹುಡುಕಿದೆ. ಅಷ್ಟೊಂದು ತೆಳು ಪಟ್ಟಿಗಳಲ್ಲಿ ಜೀಪಿನದು ಯಾವುದು ಎಂದು ಗಾಬರಿಯಾಯಿತು. ನೋಡಿದರೆ ಒಂದರ ಮೇಲೆ ನಿನ್ನ ಹಳೆಯ ಕೆಂಪು ನೇಲ್ ಪಾಲಿಶ್ ಚುಕ್ಕೆ. ಆ ಬಣ್ಣಕ್ಕಾಗಿ ನೀನು ನಿಪ್ಪಾಣಿ ಪೇಟೆಯಲ್ಲಿ ನನ್ನನ್ನು ಎಷ್ಟು ಅಲೆದಾಡಿಸಿದ್ದೆ.

ಗ್ಯಾರೇಜಿಗೆ ಹೋಗಿ ಕೆಳಗೆ ಕೂತೆ. ನಿಮ್ಮಪ್ಪ ಹುಬ್ಬು ಗಂಟು ಹಾಕಿದರು.

“ಹೊಸಾ ಪ್ಲಗ್ ಅದಾವ, ಪೂಜಿನೂ ಆಗೇತಿ. ಅದರಾಗ ಮತ್ತೇನ್ ನೋಡಾಕತ್ತಿ?”

“ಪೂಜಿ ಆದ ಮ್ಯಾಗೇ ನೋಡಬೇಕ್ರಿ,” ಎಂದೆ.

ಮುಖ ತಿರುಗಿಸಿದರು, ಆದರೆ ಎದ್ದು ಹೋಗಲಿಲ್ಲ. ಹೋದ ವರ್ಷ ಅವರು ಆಗಿನ ಪ್ಲಗ್ಗುಗಳನ್ನು ತಟ್ಟೆಯಿಂದ ತೆಗೆದು ನೇರ ಎಂಜಿನ್ನಿಗೆ ಕೂರಿಸಿದ್ದರಂತೆ. ಪೂಜೆಯಾದದ್ದನ್ನು ಪರೀಕ್ಷೆ ಮಾಡುವುದು ದೇವರನ್ನು ಪರೀಕ್ಷೆ ಮಾಡಿದ ಹಾಗೆ ಎಂದು ಅವರ ಲೆಕ್ಕ. ನಿಪ್ಪಾಣಿ ರಸ್ತೆಯಲ್ಲಿ ಜೋರಾಗಿ ಓಡಿಸಿ ನೋಡಿದಾಗ ಜೀಪು ಚೆನ್ನಾಗಿಯೇ ಓಡಿತ್ತಂತೆ. ಮೆರವಣಿಗೆಯ ನಡಿಗೆಗೆ, ಅದೂ ಏರಿನಲ್ಲಿ, ಮುಚ್ಚಿದ ಸಂದಿನ ಆ ಬಡಕಲು ಕಿಡಿ ಸಾಕಾಗಲಿಲ್ಲ.

ನಾನು ಕೊಂಡಿಯನ್ನು ಮಾತ್ರ ಹಗುರಾಗಿ ಎತ್ತಿದೆ. ನಡುವಿನ ಕಡ್ಡಿಗೆ ಒತ್ತಡ ಬಿದ್ದರೆ ಒಳಗಿನ ಪಿಂಗಾಣಿ ಸೀಳುತ್ತದೆ ಎಂದು ನೀನು ಬೈಯುತ್ತಿದ್ದದ್ದು ನೆನಪಿತ್ತು. ಮೊದಲನೆಯದು ಹೆಚ್ಚು ತೆರೆದುಕೊಂಡಿತು, ಗೇಜಿನ ಪಟ್ಟಿ ಒಳಗೆ ಲೊಡಲೊಡ ಎಂದಿತು. ಕೊಂಡಿಯನ್ನು ಮೆಲ್ಲಗೆ ತಟ್ಟಿ ಮತ್ತೆ ಮುಚ್ಚಿದೆ. ಆಗ ಸ್ಟೂಲಿನಿಂದ ದನಿ ಬಂತು, “ತುಸು ಹಿಡದು ಬಿಡಬೇಕ ನೋಡು, ಪೂರಾ ಸಡ್ಲ ಅಲ್ಲ.” ತಿರುಗಿ ನೋಡಲಿಲ್ಲ ನಾನು. ನೋಡಿದರೆ ಸುಮ್ಮನಾಗುವ ಮನುಷ್ಯ. ನಾಲ್ಕನೆಯ ಪ್ಲಗ್ಗಿಗೆ ಬರುವಷ್ಟರಲ್ಲಿ ಅವರೂ ಪಕ್ಕದಲ್ಲಿ ಕೆಳಗೆ ಕೂತಿದ್ದರು, ಕನ್ನಡಕ ಹಾಕಿಕೊಂಡು.

ಜಯಂತಿಯ ದಿನ ಏರಿನ ಬುಡದಲ್ಲಿ ದಾದಾಸಾಹೇಬ ತೋಳು ಮಡಚಿಕೊಂಡೇ ಕಾಯುತ್ತಿದ್ದ, ದೂಡಲು ತಯಾರಿದ್ದೇವೆ ಎಂದು ಕೂಗಿದ. ನಿಮ್ಮಪ್ಪ ಸ್ಟೇರಿಂಗ್ ಹಿಡಿದಿದ್ದರು, ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಹೋದ ಸಲ ನಿಂತ ಜಾಗ ಬಂತು. ಜೀಪು ಒಂದೇ ಸಮನೆ ಗುಡುಗುಡು ಎನ್ನುತ್ತಾ ದಾಟಿತು, ಏರು ಮುಗಿಸಿತು, ಬಸದಿಯ ಮುಂದೆ ಹೋಗಿ ನಿಂತಿತು. ಜಯಕಾರ ಭಗವಂತರಿಗೆ ಎಂದು ಗೊತ್ತು. ಅದರಲ್ಲಿ ಒಂದು ಚೂರು ನಾನು ಕದ್ದುಕೊಂಡೆ, ಮಾತಾಜಿಯವರಿಗೆ ಹೇಳಬೇಡ.

ದಾದಾಸಾಹೇಬನೇ ಬಂದು, ತ್ರಿಶಲಾ ಊರಿಗೆ ಬಂದಿದ್ದಾಳೇನು ಎಂದು ಕೇಳಿದ. ನಿಮ್ಮಪ್ಪ ಜೀಪಿನಿಂದ ಇಳಿದು, ಇಡೀ ಓಣಿಗೆ ಕೇಳುವ ಹಾಗೆ ಹೇಳಿದರು:

“ಇಲ್ಲೋ ಮಾರಾಯಾ. ಇದು ನಮ್ಮ ಕುಸುಮನ ಕೈ.”

ಮದುವೆಯಾದಾಗಿನಿಂದ ಜನರೆದುರು ನನ್ನ ಹೆಸರು ಹಿಡಿಯದ ಮನುಷ್ಯ. ನನಗೆ ಅಲ್ಲೇ ಅಳು ಬಂತು, ಸಂತೋಷಕ್ಕೆ.

ಮರುದಿನ ದಾದಾಸಾಹೇಬ ತನ್ನ ಮೊಪೆಡ್ಡನ್ನು ತಾನೇ ದೂಡಿಕೊಂಡು ಬಂದ. ಅವನು ದೂಡುವುದನ್ನು ನೋಡಲು ಎರಡು ಕಣ್ಣು ಸಾಲಲಿಲ್ಲ. ಓಣಿಯ ಹೆಂಗಸರು ಸ್ಕೂಟಿ ತಂದು ನನ್ನನ್ನೇ ಕೇಳುತ್ತಾರೆ. ನಿಮ್ಮಪ್ಪ ಈಗ ಸ್ಟೂಲನ್ನು ಗಿರಾಕಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ತುಳಸವ್ವನಿಗೆ ನೀನೂ ಏನೂ ಹೇಳಿರಲಿಲ್ಲ, ನಾನೂ ಹೇಳಿಲ್ಲ. ಆಕೆ ಕುಟ್ಟಲಿ, ನಾವು ಆಮೇಲೆ ನೋಡಿಕೊಂಡರಾಯಿತು.

ಬಿಸಿಲು ಹೆಚ್ಚಾಗಿದೆ, ಬರಿಗಾಲಲ್ಲಿ ಊರಿಂದೂರಿಗೆ ವಿಹಾರ ಮಾಡುವಾಗ ಜೋಪಾನ. ನಿನ್ನ ವ್ರತ, ಅಭ್ಯಾಸ ಎಲ್ಲಾ ಚೆನ್ನಾಗಿ ನಡೆಯಲಿ ಎಂದು ಮತ್ತೊಮ್ಮೆ ಆಶೀರ್ವಾದ.

ನಿನ್ನ ಅವ್ವ
ಕುಸುಮ

ತಾ.ಕ.: ನೀನು ಕೇಳಿದ್ದಕ್ಕೆ ಉತ್ತರ ಕೊಡದೆಯೇ ಪತ್ರ ಮಡಚಿದ್ದೆ. ಈಗ ಮತ್ತೆ ಬಿಚ್ಚಿದ್ದೇನೆ. ಏರಿನಲ್ಲಿ ಆ ಜಾಗ ಬಂದಾಗ, ನಿಲ್ಲದಿರಲಪ್ಪಾ ಎಂದು ಬೇಡುತ್ತಿದ್ದವಳಿಗೆ ಒಂದು ಗಳಿಗೆ, ನಿಂತುಬಿಡಲಿ ಎನಿಸಿತು ಮಗಳೆ. ನಿಂತಿದ್ದರೆ ನಿನ್ನನ್ನು ಮನೆಗೆ ಕರೆಯಲು ನನಗೊಂದು ಕಾರಣ ಉಳಿಯುತ್ತಿತ್ತು. ಆ ಕಾರಣವನ್ನು ನಾನೇ ಕೈಯಾರೆ ರಿಪೇರಿ ಮಾಡಿಬಿಟ್ಟೆ. ಗ್ಯಾರೇಜು ನಡೆಯುತ್ತದೆ, ಅಪ್ಪ ಗಟ್ಟಿಯಾಗಿದ್ದಾರೆ. ನನ್ನ ಒಪ್ಪಿಗೆ ಇದೆ.

ದೀಕ್ಷೆಯಾದ ಮೇಲೆ ನಾನು ನಿನಗೆ ಆಶೀರ್ವಾದ ಮಾಡುವಂತಿಲ್ಲ, ನಿನ್ನೆದುರು ಬಾಗಿ ವಂದಾಮಿ ಎನ್ನಬೇಕು. ಅದಕ್ಕೇ ಈ ಪತ್ರದಲ್ಲಿ ಎರಡೆರಡು ಸಲ ಬರೆದುಕೊಂಡೆ. ನಿನ್ನದು ಎಂದು ಇನ್ನು ಏನೂ ಇರುವಂತಿಲ್ಲವಲ್ಲ, ಕೆಂಪು ಚುಕ್ಕೆಯ ಗೇಜು ನನ್ನ ಹತ್ತಿರವೇ ಇರಲಿ. ಮನೆಯಿಂದ ಯಾರು ಹೊರಟರೂ ‘ಹೋಗಿ ಬಾ’ ಎನ್ನುವುದು ನಮ್ಮ ರೂಢಿ, ಬರೀ ‘ಹೋಗು’ ಎಂದರೆ ಅಪಶಕುನ. ನೀನು ಹೊರಟ ದಿನ ನಾನೂ ಹೋಗಿ ಬಾ ಎಂದಿದ್ದೆ, ಅಂದಿನಿಂದ ಬಾಗಿಲು ನೋಡುತ್ತಲೇ ಇದ್ದೆ. ಇವತ್ತು ಹೇಳುತ್ತೇನೆ. ಹೋಗು, ತ್ರಿಶಲಾ.