ಉಡಚಿಯ ತಲೆಗೆ ಎಣ್ಣೆ

ಬೆಟಗೇರಿ,
೮-೧೦-೧೯೫೬, ಸೋಮವಾರ

ಉಡಚಿಯ ಅಪ್ಪನವರಿಗೆ,

ಬನಶಂಕರೆವ್ವ ಮಾಡುವ ನಮಸ್ಕಾರಗಳು. ಸೊಲ್ಲಾಪುರದ ಗಿರಣಿಯಲ್ಲಿ ನೀವು ಸುಖವಾಗಿದ್ದೀರೆಂದು ನಂಬಿದ್ದೇನೆ. ನಾವು ಸುಖವಾಗಿಲ್ಲ.

ನಿಮ್ಮ ಮಗಳಿಗೆ ದಡಾರ ಬಂದು ಹೋದದ್ದು ಗೊತ್ತೇ ಇದೆ. 'ಅವ್ವ ಮೈಮ್ಯಾಲೆ ಬಂದಾಳ' ಎಂದು ಅತ್ತೆಯವರು ಒಗ್ಗರಣೆ ಬಿಡಿಸಿದರು, ಹಾಲು ಬಿಡಿಸಿದರು, ತಲೆಗೆ ಎಣ್ಣೆ ಬಾಚಣಿಕೆ ಮುಟ್ಟಗೊಡಲಿಲ್ಲ. ಆಗ ನಾನೂ ಹೂಂ ಎಂದೆ. ದಡಾರ ಇಳಿದು ಬೇವಿನ ನೀರು ಹಾಕಿದ ಮೇಲೂ ಬರೀ ಜೋಳದ ಗಂಜಿಯೆಂದರೆ? ಕೂಸಿನ ಕಾಲು ಬಾತವು, ತೊಗಲು ಚಕ್ಕೆಚಕ್ಕೆಯಾಗಿ ಸುಲಿಯಿತು, ಕೂದಲು ಕೆಂಚಗಾಗಿ ಹಿಂದೆ ಗಂಟುಗಟ್ಟಿತು. ಅತ್ತೆಯವರು ಆ ಗಂಟಿಗೇ ಕೈಮುಗಿದು, 'ಜಡಿ ಬಂದೈತಿ, ಯಲ್ಲಮ್ಮ ಕೇಳಾಕತ್ತಾಳ' ಎಂದರು. ಸೀಗಿ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಒಯ್ದು, ಮುತ್ತು ಕಟ್ಟಿಸಿ ದೇವಿಗೆ ಬಿಡುತ್ತಾರಂತೆ. ಮುತ್ತು ಕಟ್ಟಿದ ಹುಡುಗಿಗೆ ಮದುವೆಯಿಲ್ಲ, ಅವಳು ಕಂಡವರ ಪಾಲು. ಇದನ್ನು ನಾನು ನಿಮಗೆ ಹೇಳಬೇಕೇ?

ಹಿಂದೆ ಬರೆದಾಗ 'ಅವ್ವ ಹಿರಿಯಾಕಿ, ತಿಳದು ಮಾಡ್ರಿ' ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿರಿ. ನನಗೆ ಸಿಟ್ಟು ಬಂತು, ಖರೆ.

ಗದುಗಿನ ಡಾಕ್ಟರ್ ಬಾಯಿಯವರಿಗೆ ಕೂಸನ್ನು ತೋರಿಸಿದೆ. 'ಇದು ದೇವ್ರ ಜಡಿ ಅಲ್ಲ ತಂಗಿ, ಹೊಟ್ಟಿಗಿಲ್ಲದ ಕೂದ್ಲ' ಎಂದು ಬೈದೇಬಿಟ್ಟರು. ಹಾಲು, ಬೇಳೆ, ಶೇಂಗಾ, ತಪ್ಪಲಪಲ್ಲೆ ತಿನ್ನಿಸು ಎಂದರು. ಮನೆಯಲ್ಲಿ ತಿನ್ನಿಸುವುದೆಲ್ಲಿ ಬಂತು! ಅತ್ತೆ ಮಗ್ಗಕ್ಕೆ ಕುಳಿತ ಕೂಡಲೇ ಹಿತ್ತಲಿನಿಂದ ಕೂಸನ್ನು ಪಕ್ಕದ ಅಮೀನಬಿಯ ಮನೆಗೆ ದಾಟಿಸುತ್ತೇನೆ. ಆಕೆ ಶೇಂಗಾ ಬೆಲ್ಲ ಕುಟ್ಟಿ, ಆಡಿನ ಹಾಲಿನಲ್ಲಿ ಕಲಸಿ ಉಣ್ಣಿಸಿ, ಮೈಗೆ ಎಣ್ಣೆ ತಿಕ್ಕುತ್ತಾಳೆ. ಮಗ್ಗದ ಸದ್ದು ನಿಂತಿತೋ, ಓಡಿಹೋಗಿ ಕೂಸನ್ನು ಎತ್ತಿ ತರುತ್ತೇನೆ.

ಈಗ ಬಾವು ಇಳಿದಿದೆ, ತೊಗಲು ನುಣುಪಾಗಿದೆ, ಕೂದಲ ಬುಡ ಕಪ್ಪಗೆ ಚಿಗುರಿದೆ. ಹಿಗ್ಗಿನಿಂದ ಅತ್ತೆಯವರಿಗೆ ತೋರಿಸಿದರೆ ಏನೆಂದರು ಗೊತ್ತೇ? 'ನೋಡ, ಬೇಡ್ಕೊಂಡಿದ್ದಕ್ಕ ಅವ್ವ ಒಲದಾಳ. ಇನ್ನ ಮಾತು ತಪ್ಪಿದರ ಕೂಸನ್ನ ಉಳಸಂಗಿಲ್ಲ.' ನಾನು ಕದ್ದು ತಿನ್ನಿಸಿದ ತುತ್ತೆಲ್ಲ ಹರಕೆಯ ಪಾಲಾಯಿತು! ಹೇಳೋಣವೆಂದರೆ, ಅಮೀನಬಿಯ ಮನೆಯಲ್ಲಿ ಉಂಡ ಕೂಸನ್ನು ಅತ್ತೆ ಹೊಸ್ತಿಲು ದಾಟಗೊಡುವುದಿಲ್ಲ. ಹೇಳದಿದ್ದರೆ ಗುಡ್ಡ.

ನವೆಂಬರಿಗೆ ನಾಡು ಒಂದಾಗುತ್ತದೆಂದು ಓಣಿಯಲ್ಲಿ ಸಡಗರ. ನೀವು ಆಚೆ ರಾಜ್ಯದಲ್ಲಿ ಉಳಿಯುತ್ತೀರಿ. ಉಳಿಯಿರಿ. ಆದರೆ ಹುಣ್ಣಿಮೆಯೊಳಗೆ ನಿಮ್ಮ ತಾಯಿಗೆ ಒಂದು ಗೆರೆ ಬರೆಯಿರಿ, ಮಗಳಿಗೆ ಮುತ್ತು ಕಟ್ಟಬೇಡಿ ಎಂದು. ಕಾಲಿಗೆ ಬಿದ್ದು ಕೇಳುತ್ತೇನೆ.

ನಿಮ್ಮ,
ಬನಶಂಕರೆವ್ವ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಗುಡ್ಡದ ಜೋಗತಿ ಮನೆಗೆ ಬಂದು ಮುತ್ತಿನ ಸರ ತೆಗೆದಳು. ಅದನ್ನು ಉಡಚಿಯ ಕೊರಳಿಗೆ ಅಳತೆ ಹಿಡಿದಾಗ ನನಗೆ ತಡೆಯಲಾಗಲಿಲ್ಲ. ಓಣಿಯೆಲ್ಲ ಕೇಳುವಂತೆ, ಈ ಕೂಸು ಇಷ್ಟು ದಿನ ಉಂಡದ್ದು ಅಮೀನಬಿಯ ಮನೆಯಲ್ಲಿ ಎಂದುಬಿಟ್ಟೆ. ಇಂಥ ಕೂಸು ದೇವಿಗೆ ಬೇಡವೆಂದು ಜೋಗತಿ ಎದ್ದು ಹೋದಳು. ಅತ್ತೆಯವರು ನಮ್ಮಿಬ್ಬರನ್ನೂ ಹೊರಗೆ ಹಾಕಿದರು. ಆ ಜಡಿಯ ಗಂಟನ್ನು ನಾನೇ ಕತ್ತರಿಸಿದೆ. ಉತ್ತರ ಬರೆಯುವುದಿದ್ದರೆ ಅಮೀನಬಿಯ ಗಂಡ ರಹಮಾನಸಾಬರ ವಿಳಾಸಕ್ಕೆ ಬರೆಯಿರಿ. ನಿಮ್ಮ ಮಗಳು ಅಲ್ಲಿಯೇ ಊಟಕ್ಕೆ ಕುಳಿತಿದ್ದಾಳೆ, ಬಾಗಿಲು ತೆರೆದಿಟ್ಟುಕೊಂಡು.